ನಾಲ್ಕು ಮೀಟರ್ ನಡೆದು ತೋರಿಸಿ, ಅಜ್ಜಿ!

ಜೊಯಿಡಾದ ಬೆಟ್ಟದೂರಿನ ಒಬ್ಬ ಅಜ್ಜಿಯ ನಡಿಗೆಯ ಲೆಕ್ಕ ಹಾಕೋಣ. ಮನೆಯಿಂದ ಬಾವಿಗೆ ನೂರೇ ಮೀಟರ್, ದಿನಕ್ಕೆ ಹತ್ತೇ ಕೊಡ ಎಂದಿಟ್ಟುಕೊಳ್ಳಿ. ಇಪ್ಪತ್ತಕ್ಕೆ ಸೊಸೆಯಾಗಿ ಬಂದವಳು ಎಪ್ಪತ್ತೈದರವರೆಗೆ ನೀರು ಹೊತ್ತರೆ 55 ವರ್ಷ. ನಡೆದ ದಾರಿ 40,150 ಕಿಲೋಮೀಟರ್! ಭೂಮಿಯ ಸುತ್ತಳತೆ 40,075. ಊರು ಬಿಟ್ಟು ಕದಲದೆ ಅಜ್ಜಿ ಭೂಮಂಡಲವನ್ನೇ ಒಂದು ಸುತ್ತು ಹಾಕಿದ್ದಾಳೆ. ಮಿಕ್ಕ 75 ಕಿಲೋಮೀಟರಿನಲ್ಲಿ ದಾಂಡೇಲಿಯಿಂದ ಧಾರವಾಡವನ್ನೂ ಮುಟ್ಟಬಹುದು. ಅದೂ ಅರ್ಧ ದಾರಿ ಸೊಂಟದ ಮೇಲೆ ತುಂಬಿದ ಕೊಡ!

ಆ ಕೊಡ 15 ಲೀಟರಿನದಾದರೆ ಹೊತ್ತ ನೀರು 30 ಲಕ್ಷ ಲೀಟರ್, ಅಂದರೆ 3,000 ಟನ್. ನಾಲ್ಕು ಟನ್ನಿಗೊಂದು ಆನೆಯಂತೆ 750 ಆನೆ! 2023ರ ಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಸಿಕ್ಕ ಕಾಡಾನೆಗಳು 6,395. ಅವುಗಳಲ್ಲಿ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಒಬ್ಬಳೇ ಅಜ್ಜಿಯ ಸೊಂಟದ ಮೇಲೆ!

ಇಂಥ ಹಿರಿಯರ ಮುಂದೆ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನ, ಅಂದರೆ ‘ಲಾಸಿ’, ಇಡುವ ಪರೀಕ್ಷೆ ಏನು ಗೊತ್ತೇ? ನಾಲ್ಕು ಮೀಟರ್ ನಡೆದು ತೋರಿಸಬೇಕು. ಹಿಡಿಯಂಥ ಸಲಕರಣೆಯೊಂದನ್ನು ಬಲವಾಗಿ ಅಮುಕಬೇಕು. ಹತ್ತು ಪದ ಕೇಳಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿದ್ದಷ್ಟು ಹೇಳಬೇಕು. ನಾಲ್ಕು ಮೀಟರ್ ಎಂದರೆ ನಮ್ಮ ಅಜ್ಜಿ ನಡೆದದ್ದರಲ್ಲಿ ಕೋಟಿಗೊಂದು ಪಾಲು! ಆ ಒಂದು ಪಾಲಿನ ವೇಗ ನೋಡಿ ಮುಂದಿನ ಆರೋಗ್ಯದ ಸುಳಿವು ಹಿಡಿಯುತ್ತಾರೆ.

ಈಗ ಸಂಶೋಧಕರ ಲೆಕ್ಕ ನೋಡಿ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ 1986ರಲ್ಲಿ ಶುರುವಾದ ವೃದ್ಧಾಪ್ಯದ ಅಧ್ಯಯನಕ್ಕೆ 678 ಕ್ರೈಸ್ತ ಸನ್ಯಾಸಿನಿಯರು ಸೇರಿದರು. ಎಲ್ಲರಿಗಿಂತ ಕಿರಿಯಳಿಗೆ 75, ಹಿರಿಯಳಿಗೆ 102! ಎಲ್ಲರ ವಯಸ್ಸು ಕೂಡಿಸಿದರೆ ಕಡಿಮೆಯೆಂದರೂ 50,850 ವರ್ಷ. ಮನುಷ್ಯ ಬೇಸಾಯ ಕಲಿತು ಸುಮಾರು 12 ಸಾವಿರ ವರ್ಷ. ಅದರ ನಾಲ್ಕು ಪಟ್ಟಿಗೂ ಮಿಗಿಲು!

ನಮ್ಮ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯ ಮಿದುಳು, ನೆನಪುಗಳನ್ನು ವರ್ಷಗಟ್ಟಲೆ ಗಮನಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹೊರಟಿದೆ. ‘ಲಾಸಿ’ ಇನ್ನೂ ದೊಡ್ಡದು. 2017ರಲ್ಲಿ ಶುರುವಾದ ಮೊದಲ ಸುತ್ತಿನಲ್ಲೇ 72,250 ಜನ, ಅವರಲ್ಲಿ 60 ದಾಟಿದವರು 31,464. 2011ರ ಗಣತಿಯಲ್ಲಿ ದಾಂಡೇಲಿ ಪಟ್ಟಣದ ಒಟ್ಟು ಜನಸಂಖ್ಯೆಯೇ ಸುಮಾರು 52 ಸಾವಿರ!

ಅಮೆರಿಕದ ಮಹಿಳಾ ಆರೋಗ್ಯ ಅಧ್ಯಯನ 50ರಿಂದ 79 ವಯಸ್ಸಿನ 1,61,808 ಹೆಂಗಸರನ್ನು ಸೇರಿಸಿಕೊಂಡಿತು. ಮೂರು ದಾಂಡೇಲಿ ತುಂಬಿ ಮಿಕ್ಕುವಷ್ಟು! ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅದನ್ನೂ ಮೀರಿಸಿತು: 50ರಿಂದ 64 ವಯಸ್ಸಿನ 13 ಲಕ್ಷ ಹೆಂಗಸರು! ಹಳಿಯಾಳದಿಂದ ಭಟ್ಕಳದವರೆಗೆ, ಮುಂಡಗೋಡದಿಂದ ಕಾರವಾರದವರೆಗೆ ತೊಟ್ಟಿಲ ಕೂಸುಗಳನ್ನೂ ಬಿಡದೆ ಎಣಿಸಿದರೂ 2011ರಲ್ಲಿ ಇಡೀ ಉತ್ತರ ಕನ್ನಡಕ್ಕೆ ಸಿಕ್ಕಿದ್ದು 14.37 ಲಕ್ಷ ಜನ. ಆ 13 ಲಕ್ಷ ಹೆಂಗಸರು ಕೈ ಕೈ ಹಿಡಿದು ನಿಂತರೆ, ಒಬ್ಬೊಬ್ಬರಿಗೆ ಒಂದೂವರೆ ಮೀಟರಿನಂತೆ 1,950 ಕಿಲೋಮೀಟರ್! ದಾಂಡೇಲಿಯಿಂದ ನೇರ ಹೊರಟ ಸಾಲು ದೆಹಲಿಯನ್ನು ದಾಟಿ ಹಿಮಾಲಯ ಮುಟ್ಟುತ್ತದೆ.

ಅದಕ್ಕೂ ದೊಡ್ಡ ಸಂಖ್ಯೆ ಮನೆಯಲ್ಲೇ ಇದೆ. 2011ರಲ್ಲಿ ಭಾರತದಲ್ಲಿ 60 ದಾಟಿದ ಹೆಂಗಸರು ಸುಮಾರು 5.28 ಕೋಟಿ. ಬರೀ ಅಜ್ಜಿಯರಿಂದಲೇ ತುಂಬಿದ ಸಾವಿರ ದಾಂಡೇಲಿ! ಒಬ್ಬ ಸಂಶೋಧಕಿ ಒಬ್ಬೊಬ್ಬರ ಮಾತಿಗೆ ಒಂದೊಂದು ಗಂಟೆ ಕೊಟ್ಟು, ಊಟ ನಿದ್ದೆ ಬಿಟ್ಟು ಕೂತರೂ ಕೇಳಿ ಮುಗಿಸಲು 6,000 ವರ್ಷ ಬೇಕು.

ಇಷ್ಟೂ ಸಂಖ್ಯೆಗಳನ್ನು ಒಂದೇ ಅಜ್ಜಿ ಸೋಲಿಸುತ್ತಾಳೆ. ನಿಮಿಷಕ್ಕೆ 70ರಂತೆ 80 ವರ್ಷದಲ್ಲಿ ಅವಳ ಎದೆ ಬಡಿದದ್ದು 294 ಕೋಟಿ ಸಲ! ಮುಂಡಗೋಡದ ಜಗಲಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆಗಳ ಹಾಳೆ ಬಿಡಿಸಿ ಕೂತು, ‘ಮಂಡಿ ನೋವು ಎಷ್ಟು ದಿನದಿಂದ ಅಜ್ಜಿ?’ ಎಂದು ಮಾತು ತೆಗೆದರೆ, ಒಂದು ಗಂಟೆಯಲ್ಲಿ ಅವಳಿಗೆ ಸಿಗುವುದು ಅದರಲ್ಲಿ 4,200 ಬಡಿತ. ಒಂದನ್ನೂ ಪೋಲು ಮಾಡಬಾರದು.