ಮೇಯರ್‌ನನ್ನು ಮನೆಗೆ ಕಳಿಸಿದ ಕಾವೋಸ್ಯುಂಗ್

ತಾವೇ ಆರಿಸಿದ ಮೇಯರ್‌ನನ್ನು ಅವಧಿ ಮುಗಿಯುವ ಮೊದಲೇ ಮತದಾರರು ಮತ್ತೊಮ್ಮೆ ಮತ ಹಾಕಿ ಕೆಳಗಿಳಿಸುವ ವ್ಯವಸ್ಥೆಗೆ ರೀಕಾಲ್ ಅಥವಾ ವಾಪಸ್ ಕರೆಸುವ ಚುನಾವಣೆ ಎನ್ನುತ್ತಾರೆ. ಇದು ಅವಿಶ್ವಾಸ ನಿರ್ಣಯವಲ್ಲ. ಅಲ್ಲಿ ಕೈ ಎತ್ತುವವರು ಸದನದ ಸದಸ್ಯರು. ಕೋರ್ಟಿನ ವಿಚಾರಣೆಯೂ ಅಲ್ಲ. ಹೆಚ್ಚಿನ ಕಡೆ ಯಾವ ಅಪರಾಧವೂ ಸಾಬೀತಾಗಬೇಕಿಲ್ಲ, ಜನರಿಗೆ ಬೇಡವಾದರೆ ಸಾಕು. ಆದರೆ ಆ 'ಬೇಡ'ವನ್ನು ಅಳೆಯುವುದು ಹೇಗೆ ಎಂಬಲ್ಲಿ ಎಲ್ಲ ತಕರಾರು ಶುರುವಾಗುತ್ತದೆ.

ಅಮೆರಿಕದ ನಗರಗಳಲ್ಲಿ ಈ ಪದ್ಧತಿಗೆ ನೆಲೆ ಸಿಕ್ಕಿದ್ದು ಲಾಸ್ ಏಂಜಲೀಸ್‌ನಲ್ಲಿ. ಜಾನ್ ರಾಂಡಾಲ್ಫ್ ಹೇನ್ಸ್ ಎಂಬ ವೈದ್ಯರು ಪಟ್ಟು ಹಿಡಿದ ಫಲವಾಗಿ 1903ರಲ್ಲಿ ಅದು ನಗರಾಡಳಿತದ ನಿಯಮಾವಳಿಗೆ ಸೇರಿತು. 1909ರಲ್ಲಿ ಅಲ್ಲಿನ ಮೇಯರ್ ಆರ್ಥರ್ ಹಾರ್ಪರ್ ಮತದಾನದವರೆಗೆ ಕಾಯದೆ ರಾಜೀನಾಮೆ ಕೊಟ್ಟರು. ಜೂಜುಕಟ್ಟೆ, ವೇಶ್ಯಾಗೃಹಗಳಿಗೆ ಅವಕಾಶ ಕೊಟ್ಟ ಆರೋಪದ ಮೇಲೆ 1911ರಲ್ಲಿ ಸಿಯಾಟಲ್‌ನ ಹೈರಮ್ ಗಿಲ್ ಪದಚ್ಯುತರಾದರು. ಅದಕ್ಕೆ ಕೆಲವೇ ತಿಂಗಳ ಮುಂಚೆ ಆ ರಾಜ್ಯದ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತ್ತು. ತಮಾಷೆಯೆಂದರೆ ಇದೇ ಗಿಲ್ ಅವರನ್ನು 1914ರಲ್ಲಿ ಅದೇ ಊರು ಮತ್ತೆ ಮೇಯರ್ ಮಾಡಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಪೊಲೀಸ್ ಮುಖ್ಯಸ್ಥರನ್ನು ಟಿವಿ ಕ್ಯಾಮೆರಾಗಳ ಮುಂದೆಯೇ ವಜಾ ಮಾಡಿದ ಯುವ ಮೇಯರ್ ಡೆನ್ನಿಸ್ ಕುಸಿನಿಚ್, 1978ರ ಆಗಸ್ಟ್‌ನಲ್ಲಿ 1.20 ಲಕ್ಷಕ್ಕೂ ಹೆಚ್ಚು ಮತ ಬಿದ್ದ ರೀಕಾಲ್‌ನಲ್ಲಿ ಬರೀ 236 ಮತಗಳಿಂದ ಬಚಾವಾದರು.

ಈ ಪದ್ಧತಿಯ ಬಲವೂ ಹುಳುಕೂ ಒಟ್ಟಿಗೆ ಕಾಣಸಿಗುವುದು ತೈವಾನ್‌ನ ಕಾವೋಸ್ಯುಂಗ್‌ನಲ್ಲಿ. ದ್ವೀಪದ ದಕ್ಷಿಣಕ್ಕಿರುವ ಈ ಬಂದರು ನಗರ ಉಕ್ಕು, ಪೆಟ್ರೋಕೆಮಿಕಲ್ ಕಾರ್ಖಾನೆಗಳ ಊರು. ಇಪ್ಪತ್ತು ವರ್ಷ ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಕ್ಷದ ಕೈಯಲ್ಲಿದ್ದ ಈ ನಗರವನ್ನು 2018ರ ನವೆಂಬರ್‌ನಲ್ಲಿ ಕುವೊಮಿಂಟಾಂಗ್ ಪಕ್ಷದ ಹಾನ್ ಕುವೋ-ಯು 8,92,545 ಮತ ಪಡೆದು ಕಿತ್ತುಕೊಂಡರು. ಸರಕು ಹೊರಗೆ ಹೋಗಬೇಕು, ಜನ ಒಳಗೆ ಬರಬೇಕು, ಊರು ಸಿರಿವಂತವಾಗಬೇಕು ಎಂಬ ಅವರ ಮಾತು ದೇಶವಿಡೀ ಬಾಯಿಪಾಠವಾಗಿತ್ತು. ಮೇಯರ್ ಗಾದಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವರ ಕಣ್ಣು ಅಧ್ಯಕ್ಷ ಪದವಿಯ ಮೇಲೆ ಬಿತ್ತು. 2019ರ ಅಕ್ಟೋಬರ್‌ನಿಂದ ರಜೆ ಹಾಕಿ ದೇಶ ಸುತ್ತಿದರು. 2020ರ ಜನವರಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಆಗಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಎದುರು ಸೋತರು. ಸ್ವಂತ ನಗರದಲ್ಲೇ ತ್ಸಾಯ್‌ಗೆ ಸುಮಾರು 11 ಲಕ್ಷ ಮತ ಬಿದ್ದರೆ ಹಾನ್‌ಗೆ ಬಿದ್ದದ್ದು 6 ಲಕ್ಷ. ಊರು ಬಿಟ್ಟು ಓಡಿದ ಮೇಯರ್ ಎಂಬ ಹಣೆಪಟ್ಟಿ ಆ ಹೊತ್ತಿಗೆ ಅಂಟಿಕೊಂಡಿತ್ತು.

ಅಧಿಕಾರಕ್ಕೆ ಬಂದ ಮೊದಲ ವರ್ಷ ಯಾರನ್ನೂ ವಾಪಸ್ ಕರೆಸುವಂತಿಲ್ಲ ಎನ್ನುತ್ತದೆ ತೈವಾನ್ ಕಾನೂನು. ಹಾನ್ ಪ್ರಮಾಣವಚನಕ್ಕೆ ವರ್ಷ ತುಂಬಿದ ಮರುದಿನವೇ, 2019ರ ಡಿಸೆಂಬರ್ 26ರಂದು, ವಿರೋಧಿಗಳು ಅರ್ಜಿಯ ಕಟ್ಟುಗಳೊಂದಿಗೆ ಚುನಾವಣಾ ಆಯೋಗದ ಬಾಗಿಲಲ್ಲಿದ್ದರು. ಮೊದಲ ಹಂತಕ್ಕೆ ಮತದಾರರ ಶೇ. 1ರಷ್ಟು ಸಹಿ ಸಾಕು. ಎರಡನೆಯದಕ್ಕೆ ಶೇ. 10, ಅಂದರೆ ಸುಮಾರು 2.28 ಲಕ್ಷ ಸಹಿ ಬೇಕು. ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಆಗುವ ಕೆಲಸವಲ್ಲ ಇದು. ಪ್ರತಿಯೊಬ್ಬರೂ ಕಾಗದದ ಫಾರಂನಲ್ಲಿ ಹೆಸರು, ಹುಟ್ಟಿದ ದಿನ, ಗುರುತಿನ ಸಂಖ್ಯೆ, ನೋಂದಾಯಿತ ವಿಳಾಸವನ್ನೆಲ್ಲ ತುಂಬಿ ಕೈಯಾರೆ ಸಹಿ ಹಾಕಬೇಕು. ವಿಳಾಸ ದಾಖಲೆಗೆ ತಾಳೆಯಾಗದಿದ್ದರೆ ಆ ಫಾರಂ ತಿರಸ್ಕೃತ. ಇಷ್ಟೆಲ್ಲ ಜರಡಿ ಹಿಡಿದ ಮೇಲೂ 3.77 ಲಕ್ಷ ಸಹಿಗಳು ಉಳಿದುಕೊಂಡವು.

ಮತದಾನ 2020ರ ಜೂನ್ 6ಕ್ಕೆ ನಿಗದಿಯಾಯಿತು. ಮತಪತ್ರದಲ್ಲಿ ಎರಡೇ ಆಯ್ಕೆ: ಒಪ್ಪಿಗೆ ಇದೆ, ಇಲ್ಲ. ಮೇಯರ್ ಇಳಿಯಬೇಕಾದರೆ ಒಪ್ಪಿಗೆಯ ಮತ ಹೆಚ್ಚಿರಬೇಕು, ಜೊತೆಗೆ ಅದು ಒಟ್ಟು ಮತದಾರರ ಕಾಲುಭಾಗವನ್ನು, ಅಂದರೆ 5,74,996ನ್ನು ಮುಟ್ಟಬೇಕು. ಈ ಎರಡನೇ ಷರತ್ತಿನ ಮೇಲೆ ಭರವಸೆಯಿಟ್ಟ ಹಾನ್, ಮತಗಟ್ಟೆಗೆ ಹೋಗಬೇಡಿ ಎಂದು ತಮ್ಮ ಬೆಂಬಲಿಗರಿಗೆ ಕರೆ ಕೊಟ್ಟರು. ಲೆಕ್ಕಾಚಾರವಾಗಿ ಇದು ತಪ್ಪಲ್ಲ. ಆದರೆ ಒಂದು ಬಣ ಮನೆಯಲ್ಲೇ ಕೂತರೆ, ಮತಗಟ್ಟೆಯ ಸಾಲಿನಲ್ಲಿ ನಿಂತವರೆಲ್ಲ ಎದುರಾಳಿಗಳೆಂದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಗುಪ್ತ ಮತದಾನದ ಗುಟ್ಟು ಉಳಿಯುವುದಿಲ್ಲ. ತೈವಾನ್‌ನಲ್ಲಿ ಅಂಚೆ ಮತದಾನವಿಲ್ಲ. ಬೇರೆ ಊರುಗಳಲ್ಲಿ ದುಡಿಯುವವರು ರೈಲು ಹತ್ತಿ ಊರಿಗೆ ಬಂದೇ ಮತ ಹಾಕಬೇಕಿತ್ತು; ಬಂದರು, ಹಾಕಿದರು.

ಸಂಜೆ ನಾಲ್ಕಕ್ಕೆ ಮತದಾನ ಮುಗಿದು ಎಣಿಕೆ ಶುರುವಾಯಿತು. ಇಳಿಯಲಿ ಎಂದವರು 9,39,090. ಬೇಡ ಎಂದವರು 25,051. ಹಾನ್ ಗೆಲ್ಲುವಾಗ ಪಡೆದ ಮತಕ್ಕಿಂತ ಅವರನ್ನು ಇಳಿಸಿದ ಮತವೇ ಹೆಚ್ಚು. ತೈವಾನ್‌ನಲ್ಲಿ ಹೀಗೆ ಪದವಿ ಕಳೆದುಕೊಂಡ ಮೊದಲ ಮೇಯರ್ ಅವರು. ಹಾಗೆಂದು ಎಲ್ಲ ಶ್ರೇಯವನ್ನೂ ಜನರ ಸಿಟ್ಟಿಗೆ ಕೊಟ್ಟರೆ ಚಿತ್ರ ಅರ್ಧವೇ ಆಗುತ್ತದೆ. ಅಂದು ನಡೆದ ಮತದಾನ ಶೇ. 42.14 ಮಾತ್ರ. 2016ರ ತಿದ್ದುಪಡಿಗೆ ಮುಂಚೆ ಅರ್ಧದಷ್ಟು ಮತದಾರರಾದರೂ ಮತ ಹಾಕದಿದ್ದರೆ ರೀಕಾಲ್ ಬಿದ್ದುಹೋಗುತ್ತಿತ್ತು. ಹಳೆಯ ನಿಯಮವೇ ಇದ್ದಿದ್ದರೆ ಅಷ್ಟೇ ಜನ, ಅಷ್ಟೇ ಮತ, ಆದರೂ ಹಾನ್ ಕುರ್ಚಿಗೆ ಚ್ಯುತಿಯಿರಲಿಲ್ಲ.

ಆಗಸ್ಟ್‌ನ ಉಪಚುನಾವಣೆಯಲ್ಲಿ, 2018ರಲ್ಲಿ ಹಾನ್ ಎದುರು ಸೋತಿದ್ದ ಚೆನ್ ಚಿ-ಮಾಯ್ ಗೆದ್ದರು. ಹಾನ್ ಮೂಲೆಗುಂಪಾಗಲಿಲ್ಲ, 2024ರಲ್ಲಿ ತೈವಾನ್ ಸಂಸತ್ತಿನ ಸ್ಪೀಕರ್ ಆದರು. ಅವರ ಪಕ್ಷ ಪಾಠ ಕಲಿತದ್ದಂತೂ ನಿಜ. 2024ರಲ್ಲಿ ಕೀಲುಂಗ್ ನಗರದ ಮೇಯರ್ ಮೇಲೆ ರೀಕಾಲ್ ಬಂದಾಗ ಮನೆಯಲ್ಲಿರಿ ಎನ್ನಲಿಲ್ಲ, ಬಂದು ವಿರುದ್ಧ ಮತ ಹಾಕಿ ಎಂದಿತು. ಮೇಯರ್ ಉಳಿದುಕೊಂಡರು.

ಭಾರತದಲ್ಲಿ ಇದರ ಸಣ್ಣ ರೂಪ ಮಧ್ಯಪ್ರದೇಶ, ಛತ್ತೀಸ್‌ಗಢದ ಪಟ್ಟಣಗಳಲ್ಲಿದೆ. ಅಲ್ಲಿ ಮತಪತ್ರದಲ್ಲಿ ಎರಡು ಚಿತ್ರ: ಒಂದು ಖಾಲಿ ಕುರ್ಚಿ, ಇನ್ನೊಂದು ಯಾರೋ ಕೂತಿರುವ ಕುರ್ಚಿ. ಓದು ಬಾರದವರಿಗೂ ಇದಕ್ಕಿಂತ ಸಲೀಸಾಗಿ ಪ್ರಶ್ನೆ ಕೇಳಲು ಸಾಧ್ಯವಿಲ್ಲ. 2001ರಲ್ಲಿ ಮಧ್ಯಪ್ರದೇಶದ ಅನೂಪ್‌ಪುರದ ಮತದಾರರು ಖಾಲಿ ಕುರ್ಚಿಗೆ ಮತ ಹಾಕಿ ನಗರ ಪಂಚಾಯಿತಿ ಅಧ್ಯಕ್ಷೆಯನ್ನು ಇಳಿಸಿದರು. ಆದರೆ ಮಧ್ಯಪ್ರದೇಶದ ಕಾನೂನು ಪ್ರಕಾರ ರೀಕಾಲ್ ಶುರುಮಾಡುವ ಅಧಿಕಾರ ಬೀದಿಯ ಮತದಾರನಿಗಿಲ್ಲ. ಚುನಾಯಿತ ಸದಸ್ಯರಲ್ಲಿ ಮುಕ್ಕಾಲು ಪಾಲು ಸಹಿ ಹಾಕಿದರಷ್ಟೇ ವಿಷಯ ಜನರ ಮುಂದೆ ಬರುತ್ತದೆ. ಅಧ್ಯಕ್ಷರ ಜೊತೆ ಸದಸ್ಯರು ಹೊಂದಿಕೊಂಡಿದ್ದರೆ ಜನ ಎಷ್ಟು ಬೇಸತ್ತರೂ ಆ ಚಿತ್ರಗಳು ಅಚ್ಚಾಗುವುದಿಲ್ಲ. ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಮೇಯರ್‌ರನ್ನು ಆರಿಸುವವರೇ ಪಾಲಿಕೆ ಸದಸ್ಯರಾದ್ದರಿಂದ ಈ ಪ್ರಶ್ನೆ ಮತದಾರರ ತನಕ ಬರುವುದೇ ಇಲ್ಲ.