ಮ್ಯಾಟರ್ ಬರೆಯುವವರು ಬೇಕಾಗಿದ್ದಾರೆ

ಬೆಂಗಳೂರಿನ ಲಗ್ಗೆರೆಯ ರಿಂಗ್ ರೋಡ್ ಸೇತುವೆ ದಾಟಿ ಚೌಡೇಶ್ವರಿ ನಗರದ ಕಡೆ ತಿರುಗಿದರೆ ಕಣ್ಣಿಗೆ ಬೀಳುವುದೆಲ್ಲ ಬೋರ್ಡುಗಳೇ. ಪೌಡರ್ ಕೋಟಿಂಗ್, ಸಿಎನ್‌ಸಿ ಜಾಬ್ ವರ್ಕ್, ಗಾರ್ಮೆಂಟ್ಸ್, ಕಾಂಡಿಮೆಂಟ್ಸ್, ಟೈಲರಿಂಗ್ ಕ್ಲಾಸು, ಪಿ.ಜಿ. 2024ರ ಆರಂಭದಲ್ಲಿ ಇವುಗಳಲ್ಲಿ ಎಷ್ಟೋ ಬೋರ್ಡುಗಳು ಮೈ ಬದಲಿಸಿದವು. ಶೇ 60ರಷ್ಟು ಜಾಗ ಕನ್ನಡಕ್ಕಿರಬೇಕು, ಫೆಬ್ರುವರಿ 28ರೊಳಗೆ ಆಗಬೇಕು ಎಂಬ ಗಡುವು ಬಿದ್ದಿದ್ದೇ ತಡ, ಪ್ರಿಂಟಿಂಗ್ ಅಂಗಡಿಗಳಿಗೆ ಸುಗ್ಗಿಯೋ ಸುಗ್ಗಿ. ಲಿಪಿಯೇನೋ ಕನ್ನಡವಾಯಿತು. ಆದರೆ ಬೋರ್ಡು ಓದಿದವನಿಗೆ ‘ಇಲ್ಲಿಗೇ ಹೋಗಬೇಕು’ ಅನ್ನಿಸುವಂಥ ಮಾತು ಹೆಚ್ಚಿನ ಕಡೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕಾರಣ ಸರಳ. ಆ ಮಾತನ್ನು ಬರೆಯುವ ಕೆಲಸವನ್ನು ಯಾರೂ ಯಾರಿಗೂ ಒಪ್ಪಿಸಿಲ್ಲ. ಕಾಪಿರೈಟರ್ ಎಂಬ ಪದವನ್ನೇ ಕೇಳಿರದ ಶೆಡ್ ಮಾಲೀಕರಿಗೂ ‘ಮ್ಯಾಟರ್’ ಗೊತ್ತು. ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ‘ಮ್ಯಾಟರ್ ಏನು ಸಾರ್?’ ಎಂದು ಕೇಳುತ್ತಾನೆ. ಮಾಲೀಕರು ಮೊಬೈಲ್ ತೆಗೆದು, ಪಕ್ಕದ ಬೀದಿಯವರ ಪಾಂಪ್ಲೆಟಿನ ಫೋಟೊ ತೋರಿಸಿ, ‘ಇದೇ ಥರ ಹಾಕಿ, ಹೆಸರು ನಂಬರ್ ಚೇಂಜ್ ಮಾಡಿ’ ಅನ್ನುತ್ತಾರೆ. ಹೀಗೆ ಒಂದೇ ಮ್ಯಾಟರ್ ಲಗ್ಗೆರೆಯಿಂದ ಹೆಗ್ಗನಹಳ್ಳಿಗೆ, ಅಲ್ಲಿಂದ ಸುಂಕದಕಟ್ಟೆಗೆ ವಲಸೆ ಹೋಗುತ್ತದೆ. ‘ಉತ್ತಮ ಗುಣಮಟ್ಟ, ಕೈಗೆಟುಕುವ ದರ, ಒಮ್ಮೆ ಭೇಟಿ ಕೊಡಿ.’ ಇದನ್ನು ಸುಳ್ಳು ಎನ್ನಲಾಗದು, ಆದರೆ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಹಣ ಕೊಟ್ಟು ಫ್ರೀಲಾನ್ಸ್ ಬರಹಗಾರರನ್ನು ಹಿಡಿಯಬೇಕೇ ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ದೊಡ್ಡ ಏಜೆನ್ಸಿಯ ಖರ್ಚು ಹತ್ತು ಮಂದಿ ದುಡಿಯುವ ಶೆಡ್ಡಿಗೆ ಹೊಂದುವುದಿಲ್ಲ. ಹಾಗೆಂದು ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳುವಷ್ಟು ಕೆಲಸವೂ ಇಲ್ಲ. ವರ್ಷಕ್ಕೆ ಒಂದು ಕ್ಯಾಟಲಾಗು, ಒಂದು ವೆಬ್‌ಸೈಟು, ಹಬ್ಬಕ್ಕೊಂದು ವಾಟ್ಸ್ಆ್ಯಪ್ ಸಂದೇಶ, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಪರಿಚಯ, ಇಂಡಿಯಾಮಾರ್ಟಿನಲ್ಲಿ ನಾಲ್ಕು ಸಾಲು. ಇಷ್ಟಕ್ಕೆ ಫ್ರೀಲಾನ್ಸರ್ ಸಾಕು. ತೊಂದರೆ ಇರುವುದು ಅವರನ್ನು ಆರಿಸುವ ರೀತಿಯಲ್ಲಿ. ‘ಒಂದು ಪೇಜಿಗೆ ಎಷ್ಟು ತಗೋತೀರಾ?’ ಎಂಬುದೇ ಮೊದಲ ಮತ್ತು ಕೊನೆಯ ಪ್ರಶ್ನೆಯಾಗಿರುತ್ತದೆ. ಅಳತೆ ಕೊಡದೆ ರವಿಕೆ ಹೊಲಿಸಲು ಹೊರಟಂತೆ.

ಪೌಡರ್ ಕೋಟಿಂಗ್ ಘಟಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಾಂಪ್ಲೆಟಿನಲ್ಲಿ ಇರುವುದು ‘ಅತ್ಯಾಧುನಿಕ ತಂತ್ರಜ್ಞಾನದಿಂದ ಅತ್ಯುತ್ತಮ ಗುಣಮಟ್ಟದ ಸೇವೆ ಒದಗಿಸಲು ನಾವು ಬದ್ಧರಾಗಿದ್ದೇವೆ’ ಎಂಬ ಸಾಲು. ಒಳ್ಳೆಯ ಬರಹಗಾರ್ತಿಯೊಬ್ಬರು ಈ ಶೆಡ್ಡಿಗೆ ಬಂದರೆ ಮೊದಲ ಅರ್ಧ ಗಂಟೆ ಏನನ್ನೂ ಬರೆಯುವುದಿಲ್ಲ. ಸಾಲಾಗಿ ನಿಂತ ಏಳು ತೊಟ್ಟಿಗಳನ್ನು ನೋಡುತ್ತಾರೆ, ಯಾವುದು ಯಾತಕ್ಕೆ ಎಂದು ಕೇಳುತ್ತಾರೆ. ಒಂದರಲ್ಲಿ ಜಿಡ್ಡು ತೆಗೆಯುವುದು, ಇನ್ನೊಂದರಲ್ಲಿ ತುಕ್ಕು ತೆಗೆಯುವುದು, ಮತ್ತೊಂದರಲ್ಲಿ ಫಾಸ್ಫೇಟಿಂಗ್, ನಡುನಡುವೆ ನೀರಿನಲ್ಲಿ ಜಾಲಾಡುವುದು. ಆಮೇಲೆ ಪುಡಿ ಸಿಂಪಡಿಸಿ ಒಲೆಯೊಳಗೆ ಬೇಯಿಸುವುದು. ದಪ್ಪ ಎಷ್ಟು ಮೈಕ್ರಾನ್ ಎಂದು ಗೇಜು ಒತ್ತಿ ನೋಡುವುದು. ‘ಅಕ್ಕಪಕ್ಕದವರೂ ಏಳೂ ತೊಟ್ಟಿ ಮಾಡ್ತಾರಾ?’ ಎಂದು ಅವರು ಕೇಳಿದಾಗ ಮಾಲೀಕರು ನಗುತ್ತಾರೆ. ‘ಕೆಲವರು ಎರಡರಲ್ಲೇ ಮುಗಿಸ್ತಾರೆ ಮೇಡಂ, ಅದಕ್ಕೇ ಒಂದು ಮಳೆಗಾಲಕ್ಕೇ ಪೊರೆ ಏಳುತ್ತೆ.’ ಮ್ಯಾಟರ್ ಸಿಕ್ಕಿದ್ದು ಆ ನಗುವಿನಲ್ಲಿ. ಹೊಸ ಪಾಂಪ್ಲೆಟಿನ ಸಾಲು ಹೀಗಿರಬಹುದು: ‘ಬಣ್ಣ ಕಾಣುವ ಮೊದಲು ನಿಮ್ಮ ಗೇಟು ಏಳು ತೊಟ್ಟಿಯಲ್ಲಿ ಮುಳುಗಿ ಏಳುತ್ತದೆ. ಬಂದು ಎಣಿಸಿ. ಹೋಗುವಾಗ ಮೈಕ್ರಾನ್ ಅಳತೆಯ ಚೀಟಿ ತೆಗೆದುಕೊಂಡು ಹೋಗಿ.’

ಇದು ಹಳೆಯ ವಿದ್ಯೆಯೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕ್ಲಾಡ್ ಹಾಪ್ಕಿನ್ಸ್, ಷ್ಲಿಟ್ಜ್ ಎಂಬ ಬಿಯರ್ ಕಂಪನಿಗೆ ಜಾಹೀರಾತು ಬರೆಯುವ ಮುನ್ನ ಕಾರ್ಖಾನೆ ಸುತ್ತಿದ. ಬಾಟಲಿಗಳನ್ನು ಯಂತ್ರದಲ್ಲಿ ತೊಳೆಯುವುದನ್ನು, ಶೋಧಿಸಿದ ಗಾಳಿಯ ಕೋಣೆಗಳನ್ನು ನೋಡಿ ಬೆರಗಾದ. ‘ಇದನ್ನೆಲ್ಲ ಜನರಿಗೆ ಏಕೆ ಹೇಳುವುದಿಲ್ಲ?’ ಎಂದರೆ, ‘ಎಲ್ಲರೂ ಮಾಡುವುದು ಇದನ್ನೇ ತಾನೆ’ ಎಂಬ ಉತ್ತರ ಬಂತು. ಎಲ್ಲರೂ ಮಾಡುತ್ತಿದ್ದರು, ಯಾರೂ ಹೇಳಿರಲಿಲ್ಲ. ಹಾಪ್ಕಿನ್ಸ್ ಹೇಳಿದ. ಐದನೇ ಸ್ಥಾನದಲ್ಲಿದ್ದ ಕಂಪನಿ ಕೆಲವೇ ತಿಂಗಳಲ್ಲಿ ಮೊದಲನೆಯದರ ಸರಿಸಮಕ್ಕೆ ಬಂತೆಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. (ತನ್ನ ಕೆಲಸದ ಬಗ್ಗೆ ಜಾಹೀರಾತಿನವನು ಹೇಳುವುದನ್ನು ಒಂದು ಚಿಟಿಕೆ ಉಪ್ಪು ಸೇರಿಸಿಯೇ ಓದಬೇಕು, ಆ ಮಾತು ಬೇರೆ.)

ನಮ್ಮ ಪಕ್ಕದಲ್ಲೇ ಇನ್ನೊಂದು ಕಥೆಯಿದೆ. ಲಗ್ಗೆರೆಯಿಂದ ಯಶವಂತಪುರದ ಕಡೆ ಹೋದರೆ ಮೆಟ್ರೊ ನಿಲ್ದಾಣವೊಂದಕ್ಕೆ ಹೆಸರನ್ನೇ ಕೊಟ್ಟ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಸ್ಯಾಂಡಲ್ ಸಾಬೂನಿಗೆ ಹಿಂದೆ ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಪ್ರಚಾರ ನಡೆಯಿತೆಂದೂ, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದ್ದರೆಂದೂ ಹೇಳುತ್ತಾರೆ. ಅದೇ ಸಂಸ್ಥೆ 2025ರಲ್ಲಿ ನಟಿಯೊಬ್ಬರನ್ನು ಎರಡು ವರ್ಷ ಎರಡು ದಿನಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿಕೊಂಡಾಗ ರಾಜ್ಯವಿಡೀ ಚರ್ಚೆ ನಡೆಯಿತು. ಲಗ್ಗೆರೆಯ ಶೆಡ್ಡಿಗೆ ಒಂಟೆಯೂ ಇಲ್ಲ, ತಾರೆಯೂ ಇಲ್ಲ. ಇರುವುದು ತನ್ನ ಕೆಲಸದ ವಿವರ ಮಾತ್ರ. ಅದನ್ನೂ ಹೇಳದೆ ಹೋದರೆ ಇನ್ನೇನನ್ನು ಹೇಳುವುದು?

ಆದ್ದರಿಂದ ಬರಹಗಾರರನ್ನು ಆರಿಸುವಾಗ ನಾನು ನೋಡುವುದು ಒಂದನ್ನೇ: ಅವರು ಶೆಡ್ಡಿಗೆ ಬರುತ್ತಾರಾ, ಬಂದರೆ ಏನು ಕೇಳುತ್ತಾರೆ? ‘ಕೀವರ್ಡ್ಸ್ ಕಳಿಸಿ, ಸಂಜೆಯೊಳಗೆ ಕಂಟೆಂಟ್ ರೆಡಿ’ ಅನ್ನುವವರನ್ನು ಬಿಟ್ಟುಬಿಡಿ. ಅಷ್ಟನ್ನು ಚಾಟ್‌ಜಿಪಿಟಿಯೇ ಬರೆದುಕೊಡುತ್ತದೆ, ಅದೂ ಪುಕ್ಕಟೆ. ನಿಮ್ಮ ಗಿರಾಕಿ ಯಾರು, ಕಳೆದ ಸಲ ಆರ್ಡರ್ ಯಾಕೆ ತಪ್ಪಿತು, ಫೋನ್ ಮಾಡಿದವರು ಮೊದಲು ಏನು ಕೇಳುತ್ತಾರೆ ಎಂದು ವಿಚಾರಿಸುವವರಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇನ್ನು ಪದಕ್ಕಿಷ್ಟು ಎಂಬ ಲೆಕ್ಕ ಕನ್ನಡಕ್ಕೆ ಒಗ್ಗುವುದೇ ಇಲ್ಲ. ಇಂಗ್ಲಿಷಿನ ಮೂರು ಪದದ ಕೆಲಸವನ್ನು ನಮ್ಮ ಒಂದು ಪದ ಮಾಡಿ ಮುಗಿಸಿರುತ್ತದೆ. ಕೆಲಸಕ್ಕಿಷ್ಟು ಎಂದು ಮಾತಾಡಿ, ಎಷ್ಟು ಸಲ ತಿದ್ದಿಕೊಡಬೇಕೆಂಬುದನ್ನೂ ಆಗಲೇ ಹೇಳಿ.

ಕನ್ನಡಕ್ಕೂ ಇಂಗ್ಲಿಷಿಗೂ ಒಬ್ಬರೇ ಸಾಕು ಎಂದುಕೊಳ್ಳಬೇಡಿ. ಪೀಣ್ಯ ಕೈಗಾರಿಕಾ ಪ್ರದೇಶದ ಪರ್ಚೇಸ್ ಮ್ಯಾನೇಜರಿಗೆ ಬೇಕಾದದ್ದು ಟಾಲರೆನ್ಸು, ಲೀಡ್ ಟೈಮು. ಪ್ರೀತಿ ನಗರದಲ್ಲಿ ಮನೆ ಕಟ್ಟಿಸುತ್ತಿರುವವರಿಗೆ ಬೇಕಾದದ್ದು ಕಿಟಕಿಯ ಗ್ರಿಲ್ಲು ಎಷ್ಟು ವರ್ಷ ಬಾಳುತ್ತದೆ ಎಂಬ ಮಾತು. ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತಿರುಗಿಸಿದರೆ ಎರಡನೆಯವರಿಗೆ ತಲುಪುವುದು ಏನೂ ಇಲ್ಲ. ಅಚ್ಚಿಗೆ ಹೋಗುವ ಮುನ್ನ ಪ್ರೂಫನ್ನು ಬರಹಗಾರರೇ ನೋಡಬೇಕೆಂಬುದನ್ನೂ ಒಪ್ಪಂದದಲ್ಲಿ ಸೇರಿಸಿ. ವಾಟ್ಸ್ಆ್ಯಪಿನಲ್ಲಿ ಬಂದ ಯೂನಿಕೋಡ್ ಅಕ್ಷರ ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟಿಗೋ ಶ್ರೀಲಿಪಿ ಫಾಂಟಿಗೋ ಬದಲಾಗುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದು ಎಲ್ಲರೂ ಕಂಡದ್ದೇ.

ಬರೆಯುವವರಿಗೆ ಉತ್ಸಾಹ ಜಾಸ್ತಿಯಾದರೂ ಕಷ್ಟ. ರಾಗಿ ಮಾಲ್ಟ್ ಮಾರುವವರ ಪೊಟ್ಟಣದ ಮೇಲೆ ‘ಸಕ್ಕರೆ ಕಾಯಿಲೆ ವಾಸಿ’ ಎಂದು ಬರೆದರೆ 1954ರ ಕಾಯ್ದೆಯೊಂದಕ್ಕೆ ವಿರುದ್ಧ. ವಾಸಿ ಮಾಡುತ್ತೇವೆಂದು ಜಾಹೀರಾತು ನೀಡಬಾರದ ಕಾಯಿಲೆಗಳ ಅದರ ಪಟ್ಟಿಯಲ್ಲಿ ಮಧುಮೇಹವೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಿಕ್ಕು ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಬರೆದವರು ಯಾರೇ ಇರಲಿ, ಪೊಟ್ಟಣದ ಮೇಲಿರುವುದು ಮಾಲೀಕರ ಹೆಸರು.

ಹಣ ಕೊಟ್ಟ ಮಾತ್ರಕ್ಕೆ ಬರಹ ನಿಮ್ಮದಾಯಿತೆಂದುಕೊಂಡಿದ್ದರೆ ಅದೂ ಪೂರ್ತಿ ನಿಜವಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ. ಫ್ರೀಲಾನ್ಸರ್ ಬರೆದದ್ದರ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲಿಖಿತ ಪತ್ರಕ್ಕೆ ಸಹಿ ಮಾಡಿ ವಹಿಸಿಕೊಡುವತನಕ ಬರೆದವರದ್ದೇ. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ. ದುಬೈಗೆ ಮಸಾಲೆ ಪುಡಿ ಕಳಿಸುವವರು ಈ ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳಲಿ. ಹಾಳೆಯೊಂದರಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯುವ ಕೆಲಸ ಇದು.

ಇನ್ನು ದುಡ್ಡಿನ ವಿಚಾರ. ಪೀಣ್ಯ ಸುತ್ತಮುತ್ತಲ ಸಣ್ಣ ಕಾರ್ಖಾನೆಗಳವರ ಹಳೇ ಗೋಳು ಎರಡು: ದೊಡ್ಡ ಕಂಪನಿಗಳು ಸ್ಯಾಂಪಲ್ ಪೀಸನ್ನು ಬಿಟ್ಟಿ ಮಾಡಿಸಿಕೊಳ್ಳುತ್ತವೆ, ಬಿಲ್ಲಿಗೆ ತಿಂಗಳುಗಟ್ಟಲೆ ಅಲೆದಾಡಿಸುತ್ತವೆ. ಅದೇ ಮಾಲೀಕರು ಬರಹಗಾರರಿಗೆ ‘ಒಂದು ಸ್ಯಾಂಪಲ್ ಬರೆದುಕೊಡಿ, ನೋಡೋಣ’ ಅನ್ನುವುದನ್ನೂ, ‘ನೆಕ್ಸ್ಟ್ ಮಂತ್ ನೋಡೋಣ’ ಅನ್ನುವುದನ್ನೂ ಕೇಳಿದ್ದೇನೆ. ಸ್ಯಾಂಪಲ್ ಬೇಕಿದ್ದರೆ ಚಿಕ್ಕದೊಂದು ಕೆಲಸಕ್ಕೆ ಹಣ ಕೊಟ್ಟೇ ಬರೆಸಿ. ಮುಂಗಡ ಅರ್ಧ ಕೊಡಿ. ಉಳಿದದ್ದನ್ನು ತಡಮಾಡಬೇಡಿ. ಸಣ್ಣ ಉದ್ಯಮಗಳನ್ನು ಕಾಪಾಡಲೆಂದು 2006ರಲ್ಲಿ ಬಂದ ಎಂಎಸ್‌ಎಂಇ ಕಾಯ್ದೆಯನ್ನು ನೀವು ದೊಡ್ಡ ಕಂಪನಿಗಳ ಮುಂದೆ ಹಿಡಿಯುತ್ತೀರಲ್ಲ, ಉದ್ಯಮ್ ನೋಂದಣಿ ಮಾಡಿಸಿಕೊಂಡ ಫ್ರೀಲಾನ್ಸರ್ ಕೂಡ ಅದರ ಪ್ರಕಾರ ಒಂದು ಕಿರು ಉದ್ದಿಮೆ. ಲಿಖಿತ ಒಪ್ಪಂದ ಇಲ್ಲದಿದ್ದರೆ ಪಾವತಿ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ.