ಬೆಂಬಲ ಮುಗಿದ ಗಣಕಯಂತ್ರಗಳು: ಮುಂದಿನ ಆಯ್ಕೆ ಹೇಗೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಉಚಿತ ಬೆಂಬಲವನ್ನು ಅಂತ್ಯಗೊಳಿಸಿತು. ಮರುದಿನ ಬೆಳಿಗ್ಗೆ ಈ ಕಾರಣದಿಂದ ಯಾವ ವರ್ತಕರ ಅಂಗಡಿಯಲ್ಲಿಯೂ ಗಣಕಯಂತ್ರ ನಿಂತುಹೋಗಲಿಲ್ಲ. ಬಿಲ್ಲುಗಳು ಎಂದಿನಂತೆ ಮುದ್ರಣಗೊಂಡವು. ಲೆಕ್ಕಪತ್ರಗಳು ಎಂದಿನಂತೆ ತೆರೆದುಕೊಂಡವು. ಸಮಸ್ಯೆಯ ಬೇರು ಇರುವುದೂ ಇಲ್ಲಿಯೇ. ಕೆಟ್ಟ ಯಂತ್ರ ತಾನಾಗಿಯೇ ದುರಸ್ತಿಗೆ ಹೋಗುತ್ತದೆ. ಓಡುತ್ತಿರುವ ಯಂತ್ರದತ್ತ ಯಾರೂ ತಿರುಗಿ ನೋಡುವುದಿಲ್ಲ.

ಇಂತಹ ಗಡುವು ವ್ಯಾಪಾರಸ್ಥರಿಗೆ ಹೊಸದೇನೂ ಅಲ್ಲ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ರದು 2020ರ ಜನವರಿ 14ರಂದು ಮುಗಿದಿದ್ದವು. ಆಗೆಲ್ಲ ಸ್ವಲ್ಪ ಮೆಮೊರಿ ಹೆಚ್ಚಿಸಿಕೊಂಡರೆ ಅದೇ ಪೆಟ್ಟಿಗೆಯಲ್ಲಿ ಹೊಸ ಆವೃತ್ತಿ ನಡೆಯುತ್ತಿತ್ತು. ಈ ಬಾರಿ ಹಾಗಿಲ್ಲ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಸ್ಥಳಗಳ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆ ಮತ್ತು ನಂತರದವು ಮಾತ್ರ ಅರ್ಹ. ಐ5-8400 ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂಬ ಅಂಕಿಯೇ ಪೀಳಿಗೆಯ ಸೂಚಕ. ಐ5-7400 ಎಂದಿದ್ದರೆ ಅದು ಏಳನೆಯದು. ಬಾಗಿಲ ಹೊರಗೇ ಉಳಿಯಿತು. 2017ರವರೆಗೆ ಕೊಂಡ ಬಹುಪಾಲು ಗಣಕಯಂತ್ರಗಳು, ಬಿಲ್ಲಿಂಗ್ ಕೆಲಸಕ್ಕೆ ಇಂದಿಗೂ ಧಾರಾಳವಾಗಿ ಸಾಲುವಂಥವು, ಹೀಗೆ ಹೊರಗುಳಿದಿವೆ.

ಬೆಂಬಲವಿಲ್ಲ ಎಂದರೆ ಹೊಸದಾಗಿ ಪತ್ತೆಯಾದ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲವೆಂದು ಅರ್ಥ. 2017ರ ಮೇ ತಿಂಗಳಿನಲ್ಲಿ 150ಕ್ಕೂ ಹೆಚ್ಚು ದೇಶಗಳ ಗಣಕಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ದಾಳಿಯನ್ನು ಹಲವರು ಮರೆತಿರಲಾರರು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಹೊರತಂದಿತ್ತು. ಪೆಟ್ಟು ತಿಂದವು ತೇಪೆ ಹಾಕಿಕೊಳ್ಳದ ಯಂತ್ರಗಳು. ತೇಪೆಯೇ ಬಾರದ ಯಂತ್ರದ ಸ್ಥಿತಿಯನ್ನು ಇದರಿಂದ ಊಹಿಸಬಹುದು. ಅನಂತರ ಸುತ್ತಲಿನ ತಂತ್ರಾಂಶಗಳೂ ಒಂದೊಂದಾಗಿ ಕೈಬಿಡುತ್ತವೆ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರ ಆರಂಭದಿಂದ ಬರುತ್ತಿಲ್ಲ.

"ನಮ್ಮದು ಬರೀ ಬಿಲ್ಲು ಬರೆಯುವ ಯಂತ್ರ, ಅದಕ್ಕೇಕೆ ಭದ್ರತೆ" ಎಂಬ ಮಾತು ಮಂಡಿಗಳಲ್ಲಿ ಸಾಮಾನ್ಯ. ಒಂದು ಕಾಲಕ್ಕೆ ಅದು ಸರಿಯೂ ಆಗಿತ್ತು. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಎಸ್‌ಟಿಯ ಇ-ವೇ ಬಿಲ್ ವ್ಯವಸ್ಥೆ ಮೊದಲು ಜಾರಿಯಾದದ್ದು ನಮ್ಮ ಕರ್ನಾಟಕದಲ್ಲಿಯೇ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಮಾತ್ರ ಕಡ್ಡಾಯವಾಗಿದ್ದ ಇ-ಇನ್‌ವಾಯ್ಸ್, ಮಿತಿ ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರನ್ನೂ ಒಳಗೊಂಡಿತು. ಮೂಲೆಯಲ್ಲಿ ಒಂಟಿಯಾಗಿದ್ದ ಬಿಲ್ಲಿನ ಯಂತ್ರವನ್ನು ತೆರಿಗೆ ವ್ಯವಸ್ಥೆಯೇ ಅಂತರ್ಜಾಲಕ್ಕೆ ಎಳೆದು ತಂದಿತು. ಅದಕ್ಕೆ ರಕ್ಷಣೆ ಹೆಚ್ಚು ಬೇಕಾದ ಹೊತ್ತಿಗೆ ಸರಿಯಾಗಿ ಇದ್ದ ರಕ್ಷಣೆಯೂ ತಪ್ಪಿತು.

ಕೆಲಸ ನೋಡಿ ಯಂತ್ರ

ಮಾರಾಟಗಾರರ ಸಲಹೆ ಸಾಮಾನ್ಯವಾಗಿ ಒಂದೇ: ಎಲ್ಲವನ್ನೂ ಬದಲಾಯಿಸಿ. ಲಿನಕ್ಸ್ ಅಭಿಮಾನಿಗಳ ಸಲಹೆಯೂ ಒಂದೇ: ಎಲ್ಲಕ್ಕೂ ಲಿನಕ್ಸ್ ಹಾಕಿ. ಸಣ್ಣ ಉದ್ದಿಮೆದಾರರಿಗೆ ಎರಡೂ ದುಬಾರಿಯಾದಾವು. ಯಾವ ಯಂತ್ರ ಎಷ್ಟು ಹಳೆಯದು ಎಂಬುದಕ್ಕಿಂತ ಯಾವ ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಮೊದಲು ಬರೆದುಕೊಳ್ಳುವುದು ಲೇಸು.

ಪೀಣ್ಯದಲ್ಲಿಯೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೋ ಇರುವ, ಬಿಡಿಭಾಗ ತಯಾರಿಸುವ ಒಂದು ಸಾಧಾರಣ ಘಟಕವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅಲ್ಲಿ ನಾಲ್ಕು ಗಣಕಯಂತ್ರಗಳಿವೆ ಎನ್ನೋಣ. ಒಂದು ಲೆಕ್ಕಪತ್ರಕ್ಕೆ, ಇನ್ನೊಂದು ಪತ್ರವ್ಯವಹಾರ ಮತ್ತು ದರಪಟ್ಟಿಗಳಿಗೆ, ಮೂರನೆಯದು ಗೇಟಿನ ಬಳಿ ಚಲನ್ ಮುದ್ರಿಸುವುದಕ್ಕೆ, ನಾಲ್ಕನೆಯದು ಒಳಗೆ ಸಿಎನ್‌ಸಿ ಯಂತ್ರದ ಪಕ್ಕದಲ್ಲಿ. ನಾಲ್ಕೂ ಹತ್ತು ವರ್ಷ ಹಳೆಯವು. ಆದರೂ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಸಿಎನ್‌ಸಿ ಪಕ್ಕದ್ದರಿಂದ ಆರಂಭಿಸುವುದು ಉಚಿತ, ಏಕೆಂದರೆ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದೂ ಅತಿ ದುಬಾರಿ ಯಂತ್ರವನ್ನು ನಡೆಸುವುದೂ ಅದೇ. ಒಂಬತ್ತು ಪಿನ್ನಿನ ಆರ್‌ಎಸ್-232 ಕೇಬಲಿನ ಮೂಲಕ ಅದು ಪ್ರೋಗ್ರಾಂಗಳನ್ನು ಕಳುಹಿಸುತ್ತದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಕಾಣಸಿಗುವುದಿಲ್ಲ. ಪೇಟೆಯಲ್ಲಿ ಯುಎಸ್‌ಬಿ ಪರಿವರ್ತಕ ಸಿಗುತ್ತದೆ. ಹಳೆಯ ಪರಿವರ್ತಕ ಮನೆಯಲ್ಲಿಯೇ ಇರಲೂಬಹುದು. ಆದರೆ ಬಹು ಪ್ರಚಲಿತವಾಗಿದ್ದ ಪ್ರೊಲಿಫಿಕ್ ಪಿಎಲ್2303 ಚಿಪ್ಪಿನ ಹಳೆಯ ಮಾದರಿಗಳನ್ನು ತಯಾರಕರು 2012ರಲ್ಲಿಯೇ ಕೈಬಿಟ್ಟಿದ್ದಾರೆ. ವಿಂಡೋಸ್ 11ಕ್ಕೆ ಜೋಡಿಸಿದರೆ ಹೊಸ ಚಾಲಕ ತಂತ್ರಾಂಶವು ಅದನ್ನು ಗುರುತಿಸಿ, ಕೆಲಸ ಮಾಡಲು ನಿರಾಕರಿಸುತ್ತದೆ. ಚಿಪ್ಪು ಯಾವುದೆಂದು ಕೇಳಿ ಕೊಳ್ಳಬೇಕು. ಡೆಸ್ಕ್‌ಟಾಪ್ ಆದರೆ ಒಳಗೆ ಕೂರಿಸುವ ಸೀರಿಯಲ್ ಕಾರ್ಡು ಪರಿವರ್ತಕಕ್ಕಿಂತ ಮೇಲು.

ನಿಜವಾಗಿ ಈ ಯಂತ್ರವನ್ನು ಬದಲಾಯಿಸುವ ಅಗತ್ಯವೇ ಕಡಿಮೆ. ಅದರ ಅಂತರ್ಜಾಲದ ತಂತಿಯನ್ನು ಕಿತ್ತುಹಾಕಿ, ಕಂಡಕಂಡ ಪೆನ್‌ಡ್ರೈವ್ ಚುಚ್ಚದಂತೆ ಕಟ್ಟುಮಾಡಿದರೆ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಇನ್ನಷ್ಟು ವರ್ಷ ನಡೆದೀತು. ಅಪಾಯವಿರುವುದು ಹಾರ್ಡ್‌ಡಿಸ್ಕಿನಲ್ಲಿ. ಡಿಸ್ಕಿನ ಯಥಾಪ್ರತಿಯೊಂದನ್ನು ತೆಗೆದು, ಅದೇ ಮಾದರಿಯ ಹಳೆಯ ಯಂತ್ರವೊಂದನ್ನು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಕಡೆಯಿಂದ ತಂದು ಬದಿಗಿಡುವುದು ಅಗ್ಗದ ವಿಮೆ. ಇನ್ನೊಂದು ಸಂಗತಿ: ಅನೇಕ ಹಳೆಯ ಸಿಎನ್‌ಸಿ ನಿಯಂತ್ರಕಗಳಲ್ಲಿ ಪ್ರೋಗ್ರಾಂಗಳೂ ಯಂತ್ರದ ಪ್ಯಾರಾಮೀಟರುಗಳೂ ಬ್ಯಾಟರಿಯ ಬಲದಿಂದ ಉಳಿಯುವ ಮೆಮೊರಿಯಲ್ಲಿರುತ್ತವೆ. ಬ್ಯಾಟರಿ ಸತ್ತರೆ ಅವೂ ಹೋದವು. ಆಗ ಉಳಿದಿರುವ ಒಂದೇ ಪ್ರತಿ ಮೂಲೆಯ ಆ ಗಣಕಯಂತ್ರದಲ್ಲಿಯೇ ಇರಬಹುದು. ಪ್ರತಿಯೇ ಇಲ್ಲದಿದ್ದರೆ ಯಂತ್ರ ನಿಂತ ದಿನಗಳ ನಷ್ಟ ಹೊಸ ಗಣಕಯಂತ್ರದ ಬೆಲೆಯನ್ನು ಮೀರಿಸುತ್ತದೆ.

ಚಲನಿನ ಯಂತ್ರದ ಕಥೆ ಇನ್ನೂ ಸ್ವಾರಸ್ಯಕರ. 1990ರ ದಶಕದಲ್ಲಿ ಊರಿನ ಯಾರೋ ಜಾಣ ತರುಣ ಬರೆದುಕೊಟ್ಟ ಫಾಕ್ಸ್‌ಪ್ರೋ ತಂತ್ರಾಂಶ ಇಂದಿಗೂ ಅದೆಷ್ಟೋ ಅಂಗಡಿ, ಗೋದಾಮುಗಳಲ್ಲಿ ಜೀವಂತವಾಗಿದೆ. ತರುಣ ಎಲ್ಲಿಗೋ ಹೋಗಿದ್ದಾನೆ. ಮೂಲ ಸಂಕೇತ ಯಾರ ಬಳಿಯೂ ಇಲ್ಲ. ಇಂತಹ ಡಾಸ್ ಕಾಲದ ತಂತ್ರಾಂಶಗಳು 32 ಬಿಟ್ ವಿಂಡೋಸಿನಲ್ಲಿ ಮಾತ್ರ ನೇರವಾಗಿ ನಡೆಯುತ್ತವೆ, 64 ಬಿಟ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿಯಿತ್ತು, ವಿಂಡೋಸ್ 11ರಲ್ಲಿ ಇಲ್ಲ. ಆದ್ದರಿಂದ ಫಾಕ್ಸ್‌ಪ್ರೋ ಬಳಕೆದಾರರಿಗೆ 2025ರ ಗಡುವು ಉಳಿದವರಿಗಿಂತ ಕಠಿಣವಾದದ್ದು. ವಿಡಾಸ್‌ನಂತಹ ಅನುಕರಣ ತಂತ್ರಾಂಶದೊಳಗೆ ಅದನ್ನು ನಡೆಸಲು ಸಾಧ್ಯ. ಇದೇ ಬಗೆಯ ಡಾಸ್‌ಬಾಕ್ಸ್ ಹೆಚ್ಚು ಪ್ರಸಿದ್ಧವಾದರೂ ಅದು ಆಟಗಳಿಗಾಗಿ ಹುಟ್ಟಿದ್ದು. ಲೆಕ್ಕದ ಕಡತಗಳನ್ನು ಅದಕ್ಕೆ ಒಪ್ಪಿಸುವುದು ಜಾಣತನವಲ್ಲ. ಮೂರು ಪ್ರತಿಯ ಚಲನಿಗೆ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಬೇಕೇ ಬೇಕು. ಅದರ ಅಗಲ ಕೇಬಲಿಗೆ ಹೊಂದುವ ಪ್ಯಾರಲಲ್ ಕಿಂಡಿಯೂ ಹೊಸ ಯಂತ್ರಗಳಿಂದ ಮರೆಯಾಗಿದೆ. ಯುಎಸ್‌ಬಿ ಸೌಲಭ್ಯವಿರುವ ಮುದ್ರಕ ಇಂದಿಗೂ ದೊರೆಯುತ್ತದೆ; ಆದರೆ ಎಲ್‌ಪಿಟಿ1 ಎಂಬ ವಿಳಾಸಕ್ಕೇ ಮುದ್ರಿಸುವ ಹಳೆಯ ತಂತ್ರಾಂಶಕ್ಕೆ ಅದನ್ನು ಕಾಣಿಸಿಕೊಡಲು ಬಲ್ಲವರ ಕೈ ಬೇಕು.

ಇದು ಕಾಲ ತಳ್ಳುವ ಉಪಾಯವಷ್ಟೆ. ಫಾಕ್ಸ್‌ಪ್ರೋ ಕುಟುಂಬದ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜನವರಿಯಲ್ಲಿಯೇ ಮುಗಿದಿದೆ. ಸಮಾಧಾನದ ಸಂಗತಿಯೆಂದರೆ ಅದರ ಡಿಬಿಎಫ್ ಕಡತಗಳನ್ನು ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತೆರೆಯಬಲ್ಲದು. ಗ್ರಾಹಕರ ಪಟ್ಟಿ, ದಾಸ್ತಾನಿನ ಪಟ್ಟಿ, ಹಳೆಯ ವ್ಯವಹಾರ ಇವೆಲ್ಲವನ್ನೂ ಯಂತ್ರ ಜೀವಂತವಿರುವಾಗಲೇ ಹೊರತೆಗೆದಿಟ್ಟುಕೊಳ್ಳಬೇಕು. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ತೆರೆಯಲು ಬಾರದ ಕಡತ ಕಾಪಾಡಿದಂತಲ್ಲ.

ಪತ್ರವ್ಯವಹಾರದ ಯಂತ್ರಕ್ಕೆ ಲಿನಕ್ಸ್ ಚೆನ್ನಾಗಿ ಒಪ್ಪುತ್ತದೆ. ಪರವಾನಗಿ ಶುಲ್ಕವಿಲ್ಲ, ಮಿಂಟ್, ಉಬುಂಟು ಮೊದಲಾದವು ಐದನೆಯ, ಆರನೆಯ ಪೀಳಿಗೆಯ ಯಂತ್ರಗಳಲ್ಲಿ ಸರಾಗವಾಗಿ ಓಡುತ್ತವೆ, ಉಬುಂಟುವಿನ 24.04 ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ನೆರೆಯ ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ತೊಡಕುಗಳಿಲ್ಲದಿಲ್ಲ. ನಮ್ಮ ಕಚೇರಿಗಳಲ್ಲಿ ಮನೆಮಾತಾಗಿರುವ ಕ್ಯಾನನ್ ಎಲ್‌ಬಿಪಿ 2900 ಮುದ್ರಕವನ್ನು ಲಿನಕ್ಸಿಗೆ ಹೊಂದಿಸುವುದು ಪ್ರಯಾಸದ ಕೆಲಸ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದು ದರಪಟ್ಟಿ ಮಾಡುವವರು ಮೊದಲು ಪರೀಕ್ಷಿಸಬೇಕು. ಕನ್ನಡದ ಬೆರಳಚ್ಚಿಗೆ ಅಡ್ಡಿಯಿಲ್ಲ; ಆದರೆ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿರುವ ಹಳೆಯ ಪತ್ರಗಳು ಆ ಅಕ್ಷರಶೈಲಿಗಳಿಲ್ಲದೆ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು ಒಳಿತು.

ಲಿನಕ್ಸ್ ಹಾಕಿದರೆ ಯಂತ್ರ ಅಮರವಾಗುತ್ತದೆ ಎಂಬ ನಂಬಿಕೆಯೂ ತಪ್ಪು. ಹಳೆಯ ಯಂತ್ರಗಳ ಆಸರೆಯೆಂದು ಹೆಸರಾದ ಡೆಬಿಯನ್ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ ಗಣಕಯಂತ್ರಗಳಿಗೆ ಅಳವಡಿಕೆಯ ಸೌಲಭ್ಯ ನೀಡುತ್ತಿಲ್ಲ. ಪೆಂಟಿಯಂ 4 ಕಾಲದ ಪೆಟ್ಟಿಗೆಗಳಿಗೆ ಅಲ್ಲಿಯೂ ಬಾಗಿಲು ಮುಚ್ಚುತ್ತಿದೆ. ಆಪಲ್‌ನ ಮ್ಯಾಕ್ ಕೊಳ್ಳುವವರಿಗೂ ಇದೇ ಎಚ್ಚರಿಕೆ: 2025ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕ್‌ಓಎಸ್ 26, ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳನ್ನು ಒಪ್ಪುವ ಕೊನೆಯ ಆವೃತ್ತಿ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಇಂಟೆಲ್ ಮ್ಯಾಕ್‌ಬುಕ್ ಕೊಂಡವರು ಬೇಗನೆ ಪೇಚಿಗೆ ಸಿಲುಕುವರು.

ಹಣ ಹಾಕಬೇಕಾದ ಕಡೆ

ಉಳಿದದ್ದು ಲೆಕ್ಕಪತ್ರದ ಯಂತ್ರ. ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ, ಡಿಜಿಟಲ್ ಸಹಿಯ ಟೋಕನ್ ಎಲ್ಲವೂ ಇದರ ಮೇಲೆಯೇ ನಿಂತಿವೆ. ಬೆಂಗಳೂರಿನಲ್ಲಿ ನೆಲೆಯಿರುವ, 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ ನಮ್ಮ ವರ್ತಕರಲ್ಲಿ ಬಹುಜನರ ಆಯ್ಕೆ. ಅದು ವಿಂಡೋಸಿಗಾಗಿ ರೂಪುಗೊಂಡದ್ದು. ವೈನ್ ಎಂಬ ತಂತ್ರಾಂಶದ ನೆರವಿನಿಂದ ಲಿನಕ್ಸಿನಲ್ಲಿ ನಡೆಸುವವರಿದ್ದಾರೆ. ಆದರೆ ರಿಟರ್ನಿನ ಕೊನೆಯ ದಿನ ಏನಾದರೂ ಕೈಕೊಟ್ಟರೆ ಆಗ ಕೇಳುವವರಿಲ್ಲ. ಡಿಜಿಟಲ್ ಸಹಿಯ ಟೋಕನ್‌ಗಳಿಗೂ ಲಿನಕ್ಸ್ ಚಾಲಕ ತಂತ್ರಾಂಶ ಕೆಲವಕ್ಕೆ ಮಾತ್ರ ಉಂಟು. ಓಟಿಪಿಯಿಂದಲೇ ರಿಟರ್ನ್ ಸಲ್ಲಿಸುವ ಮಾಲೀಕತ್ವದ ಸಂಸ್ಥೆಗಳಿಗೆ ಈ ಕಷ್ಟವಿಲ್ಲ. ಕಂಪನಿಗಳು ಟೋಕನನ್ನು ಪರೀಕ್ಷಿಸದೆ ಹೆಜ್ಜೆಯಿಡಬಾರದು.

ಆದ್ದರಿಂದ ನಾಲ್ಕರಲ್ಲಿ ಒಂದನ್ನೇ ಬದಲಾಯಿಸಲು ಹಣವಿದೆಯೆಂದಾದರೆ ಅದು ಇದೇ ಆಗಲಿ. ಹೊಸದೇ ಬೇಕೆಂದಿಲ್ಲ, ಎಂಟನೆಯ ಪೀಳಿಗೆಯ ನಂತರದ, ಎಸ್‌ಎಸ್‌ಡಿ ಹೊಂದಿದ, ನವೀಕರಿಸಿದ ಯಂತ್ರವೂ ಸಾಕು. ಕಂಪ್ಯೂಟರುಗಳಿಗೆ ಆದಾಯ ತೆರಿಗೆಯಲ್ಲಿ ಶೇಕಡ 40ರ ಸವಕಳಿ ದೊರೆಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಮಾರ್ಚಿನ ಕೊನೆಗೆ ಅವಸರದಲ್ಲಿ ಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

ಹಳೆಯದನ್ನೇ ಇಟ್ಟುಕೊಂಡು ಹಣ ತೆತ್ತು ವಿಸ್ತೃತ ಭದ್ರತಾ ತೇಪೆ ಪಡೆಯುವ ದಾರಿಯೂ ಇದೆ. ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್. ಪ್ರತಿ ವರ್ಷ ದುಪ್ಪಟ್ಟು. ಮೂರು ವರ್ಷಕ್ಕೆ, ಅಂದರೆ 2028ರ ಅಕ್ಟೋಬರಿನವರೆಗೆ, ಒಟ್ಟು 427 ಡಾಲರ್. ಎರಡನೆಯ ವರ್ಷ ಸೇರುವವರು ಮೊದಲ ವರ್ಷದ್ದನ್ನೂ ತೆರಬೇಕು. ಹತ್ತು ವರ್ಷದ ಹಳೆಯ ಯಂತ್ರಕ್ಕೆ ಇಷ್ಟು ಸುರಿಯುವುದು ಎಮ್ಮೆಯ ಬೆಲೆಗಿಂತ ಮೇವಿನ ಬೆಲೆ ಹೆಚ್ಚಾದಂತೆ. ಒಂದು ವರ್ಷದ ಬಿಡುವು ಕೊಳ್ಳಬೇಕಾದವರಿಗೆ ಮಾತ್ರ ಇದು ತಕ್ಕದ್ದು. ಅರ್ಹತೆಯಿಲ್ಲದ ಯಂತ್ರಕ್ಕೆ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ತಂತ್ರಜ್ಞರೂ ಇದ್ದಾರೆ. ಅದು ನಡೆಯುತ್ತದೆ, ಆದರೆ ಅಂತಹ ಯಂತ್ರಗಳಿಗೆ ಮುಂದಿನ ತೇಪೆಗಳ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮಕ್ಕಳ ಓದಿನ ಯಂತ್ರಕ್ಕೆ ಆದೀತು, ಹಣಕಾಸಿನ ಯಂತ್ರಕ್ಕೆ ಬೇಡ.

ಬದಲಾವಣೆಗೆ ರಿಟರ್ನಿನ ವಾರವನ್ನು ಬಿಟ್ಟು ತಿಂಗಳ ಕೊನೆಯ ದಿನಗಳನ್ನು ಆರಿಸಿಕೊಳ್ಳಬೇಕು. ಹೊಸ ಯಂತ್ರದಲ್ಲಿ ಒಂದು ಪೂರ್ಣ ತಿಂಗಳ ಬಿಲ್ಲು, ಇ-ವೇ ಬಿಲ್, ರಿಟರ್ನ್ ಸಲ್ಲಿಕೆ ಮುಗಿಯುವವರೆಗೆ ಹಳೆಯದನ್ನು ಮೇಜಿನ ಮೇಲೆಯೇ ಇರಿಸಬೇಕು. ಹೊಸದು ಬಂದ ದಿನವೇ ಹಳೆಯದನ್ನು ವಿನಿಮಯಕ್ಕೆ ಕೊಟ್ಟು, ಟೋಕನ್‌ನ ಚಾಲಕ ಎಲ್ಲಿತ್ತೆಂದು ಆಮೇಲೆ ಹುಡುಕುವವರು ಕಡಿಮೆಯೇನಿಲ್ಲ. ಹಳೆಯದನ್ನು ಕೊನೆಗೆ ಕೊಡುವಾಗಲೂ ಹಾರ್ಡ್‌ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟುಕೊಂಡು ಪೆಟ್ಟಿಗೆಯನ್ನು ಮಾತ್ರ ಕೊಡತಕ್ಕದ್ದು. ಅದರಲ್ಲಿ ಗ್ರಾಹಕರ ಬಾಕಿ ಪಟ್ಟಿಯಿದೆ, ಬ್ಯಾಂಕಿನ ಗುಪ್ತಪದವೂ ಇದ್ದೀತು.